ಐದನೆಯ ಪರೀಕ್ಷೆಯಲ್ಲಿ ಯಾರೂ ಮಾತಾಡಬಾರದು

೧

ಈ ಕಥೆಯನ್ನು ಎಲ್ಲಿಂದ ಶುರುಮಾಡುವುದು? ವೆಬ್‌ಸೈಟಿನಿಂದ ಶುರುಮಾಡಿದರೆ ನೀವು ಆಕಳಿಸುತ್ತೀರಿ. ಬರೆಯುತ್ತಾ ನನಗೇ ಆಕಳಿಕೆ ಬಂತು. ಮೊದಲ ಕರಡಿನಲ್ಲಿ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದರ ಹಳೆಯ ವೆಬ್‌ಸೈಟಿನ ವರ್ಣನೆಯೇ ಎರಡು ಪುಟ ಇತ್ತು: ಮಿನುಗುವ ‘ಹೊಸತು’ ಎಂಬ ಪಟ್ಟಿ (ಒಂಬತ್ತು ವರ್ಷದಿಂದ ಮಿನುಗುತ್ತಿದೆ), ಹಿಡಿಯಲು ಹೋದರೆ ಓಡಿಹೋಗುವ ಸಾಲುಗಳು, ಒಂದೇ ಪುಟದಲ್ಲಿ ನಲವತ್ತೊಂದು ಸಲ ‘ಇಲ್ಲಿ ಕ್ಲಿಕ್ ಮಾಡಿ’. ಹರಿದು ಹಾಕಿದೆ.

೧ (ಮತ್ತೆ)

ಒಂದು ಸಣ್ಣ ಕೋಣೆ. ಮೇಜು, ಕಂಪ್ಯೂಟರು, ಎರಡು ಕುರ್ಚಿ. ಒಂದರಲ್ಲಿ ಡಿಸೈನರ್ ಕೂತಿದ್ದಾಳೆ. ಆ ವೆಬ್‌ಸೈಟನ್ನು ಎಲ್ಲರಿಗೂ ಬಳಸಲು ಬರುವ ಹಾಗೆ ಹೊಸದಾಗಿ ಕಟ್ಟುವುದು ಅವಳ ಕೆಲಸ. ಅದಕ್ಕೂ ಮೊದಲು, ಹಳೆಯದು ಜನರನ್ನು ಎಲ್ಲೆಲ್ಲಿ ಗೋಳು ಹೊಯ್ದುಕೊಳ್ಳುತ್ತದೆ ಎಂದು ತೋರಿಸಬೇಕು. ಐದು ಜನರನ್ನು ಕೂರಿಸಿ ಐದು ಪರೀಕ್ಷೆ. ಪರೀಕ್ಷೆ ವೆಬ್‌ಸೈಟಿಗೆ, ಜನರಿಗಲ್ಲ. ಆದರೂ ಇದುವರೆಗೆ ಬಂದ ನಾಲ್ವರೂ ತಾವೇ ಫೇಲಾದವರ ಹಾಗೆ ಮುಖ ಮಾಡಿಕೊಂಡು ಹೋದರು.

ನಿಯಮ ಒಂದೇ: ಸಹಾಯ ಮಾಡಬಾರದು. ಕೂತವರು ತಾವಾಗಿ ‘ಸಾಕು’ ಅನ್ನುವ ತನಕ ಡಿಸೈನರ್ ತುಟಿ ಬಿಚ್ಚುವಂತಿಲ್ಲ. ಐದೂ ನಿಯಮದಂತೆ ಮುಗಿದರೆ ಮಾತ್ರ ಹೊಸ ವೆಬ್‌ಸೈಟಿಗೆ ಮೇಲಿನವರ ಒಪ್ಪಿಗೆ. ಇವತ್ತು ಕೊನೆಯ ದಿನ, ಕೊನೆಯ ಪರೀಕ್ಷೆ. ಪಕ್ಕದ ಕೋಣೆಯಲ್ಲಿ ಸಂಸ್ಥೆಯ ನಿರ್ದೇಶಕರು ಪರದೆಯ ಮೇಲೆ ಎಲ್ಲವನ್ನೂ ನೋಡುತ್ತಿದ್ದಾರೆ. (ಕಥೆಗೊಬ್ಬ ಕೆಟ್ಟ ಅಧಿಕಾರಿ ಸಿಕ್ಕ ಎಂದುಕೊಳ್ಳಬೇಡಿ. ನಾನೂ ಹಾಗೇ ಬರೆಯಹೊರಟಿದ್ದೆ. ಅವರು ಒಪ್ಪಲಿಲ್ಲ.)

೨

ಎರಡನೆಯ ಕುರ್ಚಿಯಲ್ಲಿ ಗಂಟಕ್ಕ. ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ, ಕಡಿದುಹೋದ ಎಳೆಗಳಿಗೆ ಗಂಟು ಹಾಕಿದವರು. ಹೆಸರು ಹಾಗೇ ಅಂಟಿಕೊಂಡಿತು. ಈಗ ಎಪ್ಪತ್ತು ದಾಟಿದೆ, ಕಣ್ಣು ಪೂರ್ತಿ ಹೋಗಿದೆ. ಕಂಪ್ಯೂಟರು ಓದಿ ಹೇಳುವುದನ್ನು ಕೇಳಿಸಿಕೊಂಡು ಕೀಲಿ ಒತ್ತುವುದನ್ನು ಹಟ ಹಿಡಿದು ಕಲಿತಿದ್ದಾರೆ.

ಡಿಸೈನರ್ ಚೀಟಿ ಓದಿದಳು. “ಅಮ್ಮ, ಗಿರಣಿ ಧೂಳು ಮತ್ತು ಶ್ವಾಸಕೋಶ ಅಂತ ಒಂದು ಅಧ್ಯಯನ ಇದೆ. ಅದರ ಫಲಿತಾಂಶ ಏನು ಅಂತ ಹುಡುಕಬೇಕು.”

ಗಂಟಕ್ಕನ ಬೆರಳುಗಳು ಕೀಲಿಯ ಮೇಲೇ ನಿಂತವು.

“ಹನ್ನೊಂದು ವರ್ಷ ಮಾಡಿದ್ರಲ್ಲ, ಅದಾ? ಅದರಲ್ಲಿ ನಾನೂ ಇದ್ದೀನಮ್ಮ. ನಾನು, ನನ್ನ ತಂಗಿ. ಡಾಕ್ಟ್ರು ಬಂದು ಕೊಳವೆ ಕೊಡೋರು, ಜೋರಾಗಿ ಊದಿ ಅನ್ನೋರು. ಊದ್ತಿದ್ವಿ. ಬರ್ಕೊಂಡು ಹೋಗೋರು. ಏನು ಬರ್ಕೊಂಡ್ರು ಅಂತ ಯಾರೂ ಹೇಳಲಿಲ್ಲ.”

ತಂಗಿ ಕೆಮ್ಮಿ ಕೆಮ್ಮಿಯೇ ತೀರಿಕೊಂಡಳು. ಗಿರಣಿಯವರು ‘ಅವಳ ಮೈಯೇ ಅಂಥದ್ದು’ ಅಂದರು. ಧೂಳೋ, ಮೈಯೋ? ಇಪ್ಪತ್ತು ವರ್ಷದಿಂದ ಆ ಪ್ರಶ್ನೆ ಗಂಟಕ್ಕನ ಗಂಟಲಲ್ಲೇ ಸಿಕ್ಕಿಕೊಂಡಿದೆ.

(ತೀರಾ ಕಾಕತಾಳೀಯ ಅನ್ನುತ್ತೀರಿ. ಆದರೆ ಆ ಊರಿನಲ್ಲಿ ಆ ವಯಸ್ಸಿನ ಹೆಂಗಸರು ಅರ್ಧಕ್ಕರ್ಧ ಗಿರಣಿಯಲ್ಲಿ ದುಡಿದವರೇ. ಚೀಟಿ ಬರೆಯುವಾಗ ಡಿಸೈನರ್‌ಗೆ ಇದು ಹೊಳೆಯಬೇಕಿತ್ತು. ಅವಳಿಗದು ಬರೀ ಒಂದು ಫೈಲಿನ ಹೆಸರಾಗಿತ್ತು.)

೪

(ಮೂರನ್ನು ಕೈಬಿಟ್ಟೆ. ಅದರಲ್ಲಿ ಡಿಸೈನರ್ ತನ್ನ ಬಾಲ್ಯವನ್ನು ನೆನೆಯುತ್ತಿದ್ದಳು. ಯಾರಿಗೂ ಬೇಕಿರಲಿಲ್ಲ, ಅವಳಿಗೂ.)

“ಇಲ್ಲಿ ಕ್ಲಿಕ್ ಮಾಡಿ,” ಅಂದಿತು ಕಂಪ್ಯೂಟರಿನ ದನಿ. “ಚಿತ್ರ. ಚಿತ್ರ. ಇಲ್ಲಿ ಕ್ಲಿಕ್ ಮಾಡಿ. ಇಲ್ಲಿ ಕ್ಲಿಕ್ ಮಾಡಿ.” ಕ್ಲಿಕ್ ಮಾಡಿದರೆ ಏನು ಸಿಗುತ್ತದೆ ಎಂದು ಕಣ್ಣಿದ್ದವರಿಗೆ ಪಕ್ಕದಲ್ಲೇ ಕಾಣುತ್ತದೆ. ಗಂಟಕ್ಕನಿಗೆ ನಲವತ್ತೊಂದು ಬಾಗಿಲು, ಒಂದಕ್ಕೂ ಬೋರ್ಡಿಲ್ಲ. ಅವರು ಒಂದೊಂದನ್ನೇ ತೆರೆದು, “ಇದಲ್ಲ” ಎಂದು ಹಿಂದೆ ಬಂದರು. ಇಪ್ಪತ್ತಾರನೆಯದು ಸರಿಯಾದದ್ದು. ವರದಿ ತೆರೆದುಕೊಂಡಿತು.

“ಖಾಲಿ ಪುಟ,” ಅಂದಿತು ದನಿ.

ಪುಟ ಖಾಲಿಯಿರಲಿಲ್ಲ. ಡಿಸೈನರ್‌ಗೆ ಅಕ್ಷರಗಳು ಕಾಣುತ್ತಿದ್ದವು. ಯಾರೋ ಕಾಗದದ ವರದಿಯ ಫೋಟೊ ತೆಗೆದು ಏರಿಸಿದ್ದರು. ಫೋಟೊದೊಳಗಿನ ಅಕ್ಷರ ಆ ದನಿಗೆ ಓದಲು ಬಾರದು.

“ನನಗೇ ಗೊತ್ತಾಗ್ತಿಲ್ಲ ಅನ್ಸುತ್ತೆ,” ಅಂದರು ಗಂಟಕ್ಕ. “ಇನ್ನೊಂದ್ಸಲ ನೋಡ್ತೀನಿ.”

ಖಾಲಿ ಪುಟ. ಖಾಲಿ ಪುಟ. ಡಿಸೈನರ್ ಸೆರಗಿನ ತುದಿ ಹಿಂಡುತ್ತಾ ಕೂತಳು.

೫

ಕಥೆ ನಿಂತುಬಿಟ್ಟಿತು. ಬೇರೆ ದಾರಿ ಕಾಣದೆ ನಾನು ಗಂಟಕ್ಕನನ್ನೇ ಕೇಳಿಕೊಂಡೆ.

“ಸಾಕು ಅಂದ್ಬಿಡಿ ಅಕ್ಕ. ನೀವು ಹಾಗಂದ್ರೆ ಅವಳು ಓದಿ ಹೇಳ್ತಾಳೆ.”

“ನೀನು ಯಾರಪ್ಪ?”

“ಕಥೆ ಬರೆಯೋನು.”

“ಬರಿ. ಸಾಕು ಅಂದ್ರೆ ನನ್ನ ಕೈಲಾಗಲಿಲ್ಲ ಅಂತ ಬರ್ಕೋತಾರೆ. ಒಂದ್ಸಲ ನಂಗೆ ಹೇಳದೇ ಬರ್ಕೊಂಡು ಹೋಗಿದ್ದಾರೆ, ಸಾಲದಾ? ಎಳೆ ಸಿಗೋ ತನಕ ನಾನು ಕೈ ತೆಗೆದೋಳಲ್ಲ.”

೬

ಮುಕ್ತಾಯ ಒಂದು: ಡಿಸೈನರ್ ಬಾಯಿ ಬಿಡುವುದಿಲ್ಲ. ಗಂಟಕ್ಕ ಸೋತು ಎದ್ದು ಹೋಗುತ್ತಾರೆ. ಒಪ್ಪಿಗೆ ಸಿಗುತ್ತದೆ, ವೆಬ್‌ಸೈಟಿನ ನಾಲ್ಕು ಸಾವಿರ ವರದಿಗಳು ಸರಿಯಾಗುತ್ತವೆ, ಗಂಟಕ್ಕನ ವರದಿಯ ಸರದಿ ಎರಡು ವರ್ಷದ ನಂತರ. ನ್ಯಾಯವಾದ ಮುಕ್ತಾಯ. ಬರೆದು ಮುಗಿಸಿದ ಮೇಲೆ ಡಿಸೈನರ್ ನನ್ನ ಮುಖ ನೋಡಲಿಲ್ಲ.

ಮುಕ್ತಾಯ ಎರಡು: ಕಂಪ್ಯೂಟರು ಇದ್ದಕ್ಕಿದ್ದಂತೆ ತಾನೇ ಓದತೊಡಗುತ್ತದೆ. (ನಾಚಿಕೆಯಾಗಿ ಅಳಿಸಿದೆ.)

೭

ಕೊನೆಗೆ ಡಿಸೈನರ್ ನನ್ನನ್ನು ಒಂದು ಮಾತೂ ಕೇಳದೆ ಬಾಯಿ ಬಿಟ್ಟಳು.

“ಅಮ್ಮ, ತಪ್ಪು ನಿಮ್ಮದಲ್ಲ. ಆ ಪುಟ ಖಾಲಿ ಇಲ್ಲ.”

ಅಲ್ಲಿಗೆ ಐದನೆಯ ಪರೀಕ್ಷೆ ಕೆಟ್ಟಿತು. ಪಕ್ಕದ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ನಿರ್ದೇಶಕರು ಒಳಗೆ ಬಂದರು. ಡಿಸೈನರ್ ಎದ್ದು ನಿಂತಳು. ಅವರು ಅವಳನ್ನು ನೋಡಲಿಲ್ಲ, ಪರದೆಯನ್ನು ನೋಡಿದರು. ಪುಟದ ಅಂಚಿನಲ್ಲಿ ಯಾರದೋ ಹೆಬ್ಬೆರಳು ಫೋಟೊದಲ್ಲಿ ಸಿಕ್ಕಿಬಿದ್ದಿತ್ತು.

“ಅದು ನನ್ನ ಬೆರಳು,” ಅಂದರು. “ವರದಿಗೆ ಗೆದ್ದಲು ಹಿಡಿದಿತ್ತು. ರಜೆ ದಿನ ಬಂದು ಒಂದೊಂದೇ ಪುಟ ಹಿಡಿದು ಫೋಟೊ ತೆಗೆದೆ. ಉಳಿಸಿದೆ ಅನ್ಕೊಂಡಿದ್ದೆ.”

“ಸರ್, ಪರೀಕ್ಷೆ ಕೆಡಿಸಿಬಿಟ್ಟೆ.”

“ಹೌದು. ಮೇಲಿನವರು ಏನಂತಾರೋ ಗೊತ್ತಿಲ್ಲ. ನೀನು ಓದಮ್ಮ.”

ಡಿಸೈನರ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಫಲಿತಾಂಶ ನಲವತ್ತಮೂರನೆಯ ಪುಟದಲ್ಲಿತ್ತು.

೮

ಆ ಪುಟವನ್ನು ನಾನು ಎರಡು ಥರ ಬರೆದಿದ್ದೆ. ಒಂದರಲ್ಲಿ ಧೂಳೇ ಕಾರಣ. ಇನ್ನೊಂದರಲ್ಲಿ ‘ಹೆಚ್ಚಿನ ಸಂಶೋಧನೆ ಅಗತ್ಯ’. ಎರಡನ್ನೂ ಹರಿದೆ. ಇಷ್ಟು ವರ್ಷ ಎಲ್ಲರೂ ಗಂಟಕ್ಕನಿಗಿಂತ ಮೊದಲೇ ಓದಿಕೊಂಡದ್ದಾಗಿದೆ. ಈ ಸಲ ನೀವೂ ಬೇಡ, ನಾನೂ ಬೇಡ.

ಡಿಸೈನರ್ ಬಾಯಿ ತೆರೆದಳು.

“ತಡಿಯಮ್ಮ,” ಗಂಟಕ್ಕ ಕೈ ಅಡ್ಡ ಹಿಡಿದರು. “ಒಂದು ಉಸಿರು ತಗೋತೀನಿ.”

ಬೆನ್ನು ನೆಟ್ಟಗೆ ಮಾಡಿಕೊಂಡು ಉಸಿರು ಎಳೆದುಕೊಳ್ಳುತ್ತಿದ್ದಾರೆ, ಕೊಳವೆ ಊದುವ ಮುಂಚೆ ಎಳೆದುಕೊಳ್ಳುತ್ತಿದ್ದ ಹಾಗೆ.