ಇನ್‌ಸ್ಪೆಕ್ಟರಮ್ಮನ ಹೆಜ್ಜೆ

ಟಿವಿ ಧಾರಾವಾಹಿಯಲ್ಲಿ ನಟಿ ನಡೆಯುವಾಗ ಕೇಳಿಸುವ ಹೆಜ್ಜೆ ಸದ್ದು ಬಹಳ ಸಲ ಆಕೆಯದಲ್ಲ. ಶೂಟಿಂಗಿನಲ್ಲಿ ಮೈಕು ಮಾತಿನ ಮೇಲೆ ಗಮನವಿಟ್ಟಿರುತ್ತದೆ. ಕಾಲಿನ ಸದ್ದು, ಬೀಗದ ಸದ್ದು, ಕೋಟಿನ ಸರಪರ ಎಲ್ಲವನ್ನೂ ಆಮೇಲೆ ಚಿತ್ರ ನೋಡುತ್ತ ಬೇರೆಯವರು ಮಾಡುತ್ತಾರೆ. ಗ್ಲಾಸ್ಗೋದಲ್ಲಿ ನಮ್ಮ ಪತ್ತೇದಾರಿ ಧಾರಾವಾಹಿಗೆ ಆ ಕೆಲಸ ಮಾಡುತ್ತಿದ್ದವಳು ಊನಾ ಮ್ಯಾಕ್‌ಫೇಲ್. ಆ ಸದ್ದನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದವನು ನಾನು. ಆರು ವರ್ಷ ಅದರ ನಾಯಕಿ ಇನ್‌ಸ್ಪೆಕ್ಟರಮ್ಮನ ಕಾಲಾಗಿ ನಡೆದದ್ದು ಊನಾಳೇ.

ನವೆಂಬರಿನ ಒಂದು ಮಧ್ಯಾಹ್ನ, ಆ ವರ್ಷದ ಐದನೇ ಕಂತಿನ ಕೆಲಸ ನಡೆದಿತ್ತು. ನಾನು ಯಂತ್ರ ನಿಲ್ಲಿಸಿದೆ.

"ಊನಾ, ನಿನ್ನ ಇನ್‌ಸ್ಪೆಕ್ಟರಮ್ಮ ಕುಂಟ್ತಾ ಇದಾಳಲ್ಲೇ?"

"ನಿನ್ನ ಕಿವೀಲಿ ಗುಗ್ಗೆ ತುಂಬಿರ್ಬೇಕು, ಫರ್ಗಸ್."

ನಾನು ವಾದಿಸಲಿಲ್ಲ. ಮೊದಲ ವರ್ಷದ ಹೆಜ್ಜೆ ಸದ್ದನ್ನು ಯಂತ್ರದಲ್ಲಿ ಹಾಕಿ ಕೇಳಿಸಿದೆ, ಬೆನ್ನಿಗೇ ಇವತ್ತಿನದು. ಅವಳು ಕಣ್ಣು ಮುಚ್ಚಿ ಕೇಳಿದಳು. ಇನ್ನೊಂದು ಸಲ ಹಾಕೆಂದಳು. ಆಮೇಲೆ ಕುರ್ಚಿಗೆ ಕುಸಿದು ಶೂ ಬಿಚ್ಚತೊಡಗಿದಳು.

"ಯಾವಾಗಿಂದ ಗೊತ್ತು ನಿಂಗೆ?"

"ಮೂರನೇ ಕಂತಿಂದ."

"ಮತ್ತೆ ಬಾಯಿ ಯಾಕೋ ಮುಚ್ಕೊಂಡಿದ್ದೆ?"

"ನೀನೇ ಹೇಳ್ತೀಯ ಅಂತ ಕಾದೆ."

ಅವಳ ಎಡ ಮಂಡಿ ಪೂರ್ತಿ ಸವೆದಿತ್ತು. ಫೆಬ್ರವರಿಯಲ್ಲಿ ಆಪರೇಷನ್ ಮಾಡಿ ಅದನ್ನು ಬದಲಾಯಿಸಲು ಆಸ್ಪತ್ರೆಯವರು ದಿನ ಗೊತ್ತುಮಾಡಿದ್ದರು. ಯಾರಿಗೂ ಹೇಳಿರಲಿಲ್ಲ. "ಅರವತ್ತೊಂದು ವರ್ಷದೋಳು ಒಂದ್ಸಲ ಮನೇಲಿ ಕೂತ್ರೆ ಮತ್ತೆ ಯಾರು ಕರೀತಾರೆ ಹೇಳು" ಎಂದಳು. ಕುಂಟದ ಹೆಜ್ಜೆಗೆ ಇಬ್ಬರೂ ದಾರಿ ಹುಡುಕತೊಡಗಿದೆವು.

ಮೊದಲು ಅವಳು ಕೂತೇ ಶೂಗಳಿಗೆ ಕೈ ತೂರಿಸಿ ನೆಲದ ಕಲ್ಲಿನ ಮೇಲೆ 'ನಡೆಸಿ' ನೋಡಿದಳು. ತಾಳವೇನೋ ಸರಿಯಿತ್ತು, ಮೇಲೆ ಆಳಿನ ಭಾರವಿರಲಿಲ್ಲ. ಮರುದಿನ ನಾನೇ ನನ್ನ ಹೆಂಡತಿಯ ಎತ್ತರ ಹಿಮ್ಮಡಿಯ ಬೂಟಿಗೆ ಕಾಲು ತುರುಕಿ ನಡೆದೆ.

"ಹಾಲಿನ ಗಾಡಿ ಕುದುರೆ ಬಂದಂಗಿದೆ ಕಣೋ," ಎಂದು ಊನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ವಾರದಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ.

ಅಷ್ಟರಲ್ಲಿ ಬಾಗಿಲು ತೆರೆದು ಐಲ್ಸಾ ಡ್ರಮಂಡ್ ಒಳಗೆ ಬಂದಳು. ಇನ್‌ಸ್ಪೆಕ್ಟರಮ್ಮನ ಪಾತ್ರ ಮಾಡುವ ನಟಿ ಅವಳೇ. ಗಾಳಿಯ ಗದ್ದಲದಲ್ಲಿ ಹಾಳಾಗಿದ್ದ ನಾಲ್ಕು ಮಾತುಗಳನ್ನು ಮತ್ತೆ ಹೇಳಲು ಬಂದಿದ್ದಳು. ನನ್ನ ಕಾಲಿನಲ್ಲಿದ್ದ ಬೂಟು ನೋಡಿದ ಮೇಲೆ ವಿಷಯ ಮುಚ್ಚಿಡುವಂತಿರಲಿಲ್ಲ. ಊನಾ ಎಲ್ಲ ಹೇಳಿದಳು.

"ಇಷ್ಟೇ ತಾನೆ? ಕಾಲು ನಂದೇ ಅಲ್ವಾ, ನಾನೇ ನಡೆದ್ಬಿಡ್ತೀನಿ," ಎಂದಳು ಐಲ್ಸಾ.

ನಡೆದಳು. ಪರದೆಯ ಮೇಲಿನ ಕಾಲಿಗೂ ಸದ್ದಿಗೂ ಕೂದಲೆಳೆಯ ಅಂತರವೂ ಇರಲಿಲ್ಲ. ಆದರೂ ನಾನು ಊನಾಳ ಮುಖ ನೋಡಿದೆ, ಅವಳು ನನ್ನದು. ಯಾರೋ ಹೆಂಗಸು ಬ್ರೆಡ್ ತರಲು ಹೊರಟಂತಿತ್ತು.

"ಇದು ನೀವು. ಆಕೆ ಅಲ್ಲ," ಎಂದಳು ಊನಾ.

ಐಲ್ಸಾಳ ಮುಖ ಕೆಂಪಾಯಿತು. "ಆ ಪಾತ್ರ ಮಾಡ್ತಿರೋದು ನಾನು, ಊನಾ."

"ಹೌದು, ನೀವೇ. ಆದ್ರೆ ನೀವು ಡ್ಯಾನ್ಸ್ ಕಲಿತೋರು, ಹಗುರಕ್ಕೆ ಕಾಲಿಡ್ತೀರಿ. ಆಕೆ ಹಿಮ್ಮಡಿ ಊರಿ ನಡೀತಾಳೆ. ಸತ್ತೋರ ಮನೆ ಬಾಗಿಲು ತಟ್ಟೋ ಮುಂಚೆ ಅರ್ಧ ಹೆಜ್ಜೆ ತಡೀತಾಳೆ."

"ನಾನು ಹಾಗೆ ತಡೀತೀನಾ?"

"ಇಲ್ಲ. ಅಲ್ಲಿ ನಿಮ್ಮ ಮುಖ ಮಾತ್ರ ಕಾಣತ್ತೆ. ತಡೆದಿದ್ದು ನಾನು. ನಮ್ಮಪ್ಪ ಓಬನ್ ಊರಲ್ಲಿ ಮನೆಮನೆಗೆ ತಂತಿ ಹಂಚ್ತಿದ್ರು. ಸಾವಿನ ತಂತಿ ಇದ್ರೆ ಬಾಗಿಲ ಹತ್ರ ಹಂಗೆ ನಿಲ್ತಿದ್ರು. ಜೊತೇಲಿ ಹೋದಾಗ ನೋಡಿದೀನಿ."

ಐಲ್ಸಾ ಸಿಟ್ಟು ಮಾಡಿಕೊಂಡು ಹೋಗಿಬಿಡುತ್ತಾಳೆಂದೇ ನಾನು ಎಣಿಸಿದ್ದೆ. ಅವಳು ಕೋಟು ತೆಗೆದು ಗೂಟಕ್ಕೆ ಹಾಕಿದಳು.

"ತೋರಿಸಿಕೊಡಿ."

ನಾಲ್ಕು ಮಧ್ಯಾಹ್ನ ಹಿಡಿಯಿತು. ಕುಂಟು ಕೇಳಿಸುತ್ತಿದ್ದ ಹಿಂದಿನ ಕಂತುಗಳ ಹೆಜ್ಜೆಗಳನ್ನೂ ಮತ್ತೆ ಮಾಡಿದೆವು. ಊನಾ ಕುರ್ಚಿಯಿಂದಲೇ, "ಭಾರ, ಭಾರ! ಒದ್ದೆ ಕೋಟು ಹೊತ್ತಿದೀರಿ ಅಂತ ಮರೀಬೇಡಿ" ಎಂದು ಗದರುತ್ತಿದ್ದಳು. ಕೊನೆಗೂ ಅದು ಊನಾಳ ನಡಿಗೆಯಾಗಲಿಲ್ಲ. ಆದರೆ ನೋಡುವವರಾರೂ ದೂರುವಂತಿರಲಿಲ್ಲ.

ನಿರ್ಮಾಪಕಿಗೆ ವಿಷಯ ತಿಳಿಸಿದ್ದು ಐಲ್ಸಾಳೇ. ಮುಂದಿನ ವರ್ಷವೂ ಊನಾ ಇರಬೇಕೆಂದು ಪಟ್ಟು ಹಿಡಿದಳಂತೆ. "ಮೊದಲು ಹುಷಾರಾಗಲಿ, ಆಮೇಲೆ ನೋಡೋಣ" ಎಂಬ ಉತ್ತರ ಬಂತು.

ಮಂಡಿ ಬದಲಾದ ಮೂರನೇ ವಾರ ನಾನು ಊನಾಳ ಮನೆಗೆ ಹೋದೆ. ಫಿಸಿಯೋಥೆರಪಿಯವನು ಅವಳನ್ನು ನಡುಮನೆಯಲ್ಲಿ ನಡೆಸುತ್ತಿದ್ದ. ಚೆನ್ನಾಗಿದೆ ಎಂದು ಅವನು ಬಾಯಿ ತೆರೆಯುವುದರೊಳಗೆ ಇವಳೇ, "ಎಡಗಾಲು ಇನ್ನೂ ತಡವಾಗಿ ಬೀಳ್ತಿದೆಯಪ್ಪ" ಎಂದಳು.

"ನೋಡಿದ್ರೆ ಗೊತ್ತೇ ಆಗಲ್ವಲ್ಲ."

"ನೋಡ್ಬೇಡ. ಕೇಳು."

ಜೂನಿನಲ್ಲಿ ನಿರ್ಮಾಪಕಿಯಿಂದ ಕರೆ ಬಂತು. ಊನಾ ಬಂದಳು, ಕೋಲಿಲ್ಲದೆ. ಚಹಾ ಬಟ್ಟಲು, ಬೀಗದ ಕೈ, ಛತ್ರಿ ಬಿಚ್ಚುವುದು, ಇಡೀ ದಿನ ಅವುಗಳ ಸದ್ದನ್ನೇ ಮಾಡಿದಳು. ಹೆಜ್ಜೆಯ ಸರದಿ ಬಂದಾಗ, "ಅದಿರ್ಲಿ ಬಿಡು. ಬುಧವಾರ ಐಲ್ಸಾ ಬಂದು ನಡೀತಾಳೆ, ಅವಳ ಹೆಜ್ಜೆ ಇನ್ನೂ ಸ್ವಲ್ಪ ತಿದ್ದೋದಿದೆ" ಎಂದು ಕೈ ಒರೆಸಿಕೊಂಡಳು.