ಉಯ್ಯಾಲೆ ಕಟ್ಟೇ ಕಟ್ತೀನಿ

ಬುಗುರಿ ಬಿದ್ದದ್ದು ಭಾನುವಾರ ಸಂಜೆ. ಬುಗುರಿ ಎಂದರೆ ಟೈಲರಕ್ಕನ ಎಂಟು ವರ್ಷದ ಮಗಳು. ಕೂತಲ್ಲಿ ಕೂರುವ ಹುಡುಗಿಯಲ್ಲ, ಅದಕ್ಕೇ ಬೀದಿಯವರೆಲ್ಲ ಅವಳಿಗೆ ಇಟ್ಟ ಹೆಸರು ಅದು.

ಟೈಲರಕ್ಕ ಮುಂದಿನ ಕೋಣೆಯಲ್ಲಿ ಮಷೀನ್ ತುಳಿಯುತ್ತಿದ್ದಳು. ಹಿತ್ತಲಿನಿಂದ ಕರ್ರ್ ಎಂಬ ಸದ್ದು ಬಂತು, ಅದರ ಹಿಂದೆಯೇ ಚೀರಾಟ. ಬಟ್ಟೆ ಬಿಸಾಕಿ ಓಡಿದಳು. ಉಯ್ಯಾಲೆಯ ಅಡ್ಡ ತೊಲೆ ಒಂದು ಕಡೆ ಕಳಚಿ ನೆಲಕ್ಕೆ ಬಿದ್ದಿತ್ತು. ನೀರಿನ ತೊಟ್ಟಿಯ ಪಕ್ಕದ ಸಿಮೆಂಟ್ ನೆಲದ ಮೇಲೆ ಬುಗುರಿ ಬಲಗೈ ಹಿಡಿದುಕೊಂಡು ಕೂತಿದ್ದಳು. ಮುಖ ಬಿಳುಚಿಕೊಂಡಿತ್ತು.

ಮುಂಗೈ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ ಕಳಿಸಿದರು. ತೊಲೆ ತಲೆಯ ಮೇಲೆ ಬೀಳದೆ ಒಂದು ಗೇಣು ಆಚೆ ಬಿದ್ದಿತ್ತು.

ಆ ಉಯ್ಯಾಲೆ ಕಟ್ಟಿದ್ದು ಅವಳ ಮಾವ. ನಲವತ್ತು ವರ್ಷ ಬಡಗಿ ಕೆಲಸ ಮಾಡಿದ ಕೈ. ಬೀದಿಯ ಅರ್ಧ ಮನೆಗಳ ಬಾಗಿಲು ಕಿಟಕಿ ಅವರದೇ. ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ಗರಗಸ ತಂದು ಉಯ್ಯಾಲೆಯ ಕಂಬಗಳನ್ನು ತುಂಡು ತುಂಡು ಮಾಡಿ ಗೋಡೆಗೆ ಒರಗಿಸಿಬಿಟ್ಟರು.

"ಮುಗೀತು. ಇನ್ಮೇಲೆ ಈ ಹಿತ್ತಲಲ್ಲಿ ಉಯ್ಯಾಲೆ ಮಾತು ಎತ್ತಬೇಡಿ" ಎಂದರು.

ಬಸ್ ಓಡಿಸುವ ಗಂಡನೂ ತಲೆಯಾಡಿಸಿದ. "ಅಪ್ಪ ಹೇಳೋದು ಸರಿ. ಆ ಹುಡುಗಿಗೆ ಒಂದು ಕಡೆ ಕೂರೋದು ಕಲಿಸು."

ಪಕ್ಕದ ಮನೆಯ ದೊಡ್ಡಮ್ಮ ಕಾಂಪೌಂಡ್ ಮೇಲಿಂದ ಕತ್ತು ಚಾಚಿ ತನ್ನ ಪಾಲಿನದನ್ನೂ ಸೇರಿಸಿದಳು. "ಹೆಣ್ಣು ಮಗು ಕಣೇ. ಕೈ ಸೊಟ್ಟಗಾದ್ರೆ ಏನು ಗತಿ? ಒಳಗೆ ಕೂರಿಸಿ ಒಂದು ಗೊಂಬೆ ಕೊಡು."

ಟೈಲರಕ್ಕನಿಗೂ ಹೆದರಿಕೆ ಇತ್ತು. ಆದರೆ ಮಧ್ಯಾಹ್ನ ಮಗಳಿಗೆ ಊಟ ಮಾಡಿಸುವಾಗ ಬುಗುರಿ ತಟ್ಟೆ ನೋಡುತ್ತಲೇ ಕೇಳಿದಳು.

"ಅಮ್ಮಾ, ನಾನು ಜಾಸ್ತಿ ಜೋರಾಗಿ ಜೀಕಿದ್ದಕ್ಕೆ ಮುರೀತಾ? ತಾತ ನನ್ನಿಂದಾನೇ ಸಿಟ್ಟಾಗಿದಾರಾ?"

ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ಕೈ ಮುರಿದುಕೊಂಡ ಮಗುವೇ ತಪ್ಪೂ ಹೊತ್ತುಕೊಂಡು ಕೂತಿದೆ! ಟೈಲರಕ್ಕ ತಟ್ಟೆ ಕೆಳಗಿಟ್ಟಳು. ಎದ್ದು ಸೀದಾ ಹಿತ್ತಲಿಗೆ ಹೋದಳು. ತುಂಡಾದ ಕಂಬದ ತುದಿ ಎತ್ತಿ ನೋಡಿದಳು. ಮರ ಸೀಳಿರಲಿಲ್ಲ, ಕೊಳೆತಿರಲಿಲ್ಲ. ತೊಲೆಯನ್ನು ಹಿಡಿದಿದ್ದ ನಾಲ್ಕು ಮೊಳೆಗಳು ಬೆಣ್ಣೆಯಿಂದ ಕೂದಲು ಎಳೆದ ಹಾಗೆ ನೆಟ್ಟಗೆ ಕಳಚಿ ಬಂದಿದ್ದವು. ಅಷ್ಟೇ.

ತೊಲೆಯಲ್ಲೇ ಉಳಿದಿದ್ದ ಒಂದು ಮೊಳೆಯನ್ನು ಕಿತ್ತು ಸೆರಗಿಗೆ ಕಟ್ಟಿಕೊಂಡಳು.

ಮುಖ್ಯ ರಸ್ತೆಯ ಪಾರ್ಕಿನಲ್ಲಿ ಮಕ್ಕಳ ಆಟದ ಸಾಮಾನು ನೋಡಿಕೊಳ್ಳುವ ಫಿಟ್ಟರ್ ಒಬ್ಬಳಿದ್ದಾಳೆ. ನೀಲಿ ಅಂಗಿ, ಸೊಂಟದಲ್ಲಿ ಸ್ಪ್ಯಾನರ್. ಎಲ್ಲರೂ ಅವಳನ್ನು ಕರೆಯುವುದು ಸ್ಪ್ಯಾನರ್ ಅಕ್ಕ ಎಂದೇ. ಅವಳ ಅಂಗಿಗಳಿಗೆ ತೇಪೆ ಹಾಕಿಕೊಡುವವಳು ಟೈಲರಕ್ಕ, ಹಾಗಾಗಿ ಸಲುಗೆ ಇತ್ತು.

ಟೈಲರಕ್ಕ ಪಾರ್ಕಿಗೆ ಹೋಗಿ ಸೆರಗಿನಿಂದ ಮೊಳೆ ಬಿಚ್ಚಿ ಅವಳ ಅಂಗೈಗೆ ಹಾಕಿದಳು. "ನೋಡಿ ಅಕ್ಕ. ಇದು ನನ್ನ ಮಗಳ ಕೈ ಮುರಿದಿದ್ದು."

ಸ್ಪ್ಯಾನರ್ ಅಕ್ಕ ಮೊಳೆಯನ್ನು ತಿರುಗಿಸಿ ನೋಡಿದಳು. "ಇದರದ್ದೇನೂ ತಪ್ಪಿಲ್ಲ ಬಿಡಿ. ಇದನ್ನ ಹಾಕಬಾರದ ಕಡೆ ಹಾಕಿದಾರೆ. ಉಯ್ಯಾಲೆ ಅಂದ್ರೆ ಬಾಗಿಲಲ್ಲ. ಬಾಗಿಲು ನಿಂತಿರುತ್ತೆ. ಉಯ್ಯಾಲೆ ಹಿಂದಕ್ಕೂ ಎಳೆಯುತ್ತೆ, ಮುಂದಕ್ಕೂ ಎಳೆಯುತ್ತೆ. ದಿನಾ ಸಾವಿರ ಸಲ. ಮೊಳೆ ಸ್ವಲ್ಪ ಸ್ವಲ್ಪಾನೇ ಸಡಿಲ ಆಗ್ತಾ ಬಂದು ಒಂದು ದಿನ ಕೈ ಬಿಡುತ್ತೆ."

"ಮತ್ತೆ ಪಾರ್ಕಿಂದು ಯಾಕೆ ಬೀಳಲ್ಲ?"

"ಮೇಲೆ ನೋಡಿ." ಸ್ಪ್ಯಾನರ್ ಅಕ್ಕ ಪಾರ್ಕಿನ ಉಯ್ಯಾಲೆಯ ತೊಲೆಯ ತುದಿ ತೋರಿಸಿದಳು. "ಆ ಕಬ್ಬಿಣದ ತಗಡು ಕಾಣಿಸ್ತಾ? ಅದೇ ಬ್ರಾಕೆಟ್ಟು. ಕಾಲು ಎರಡು, ತೊಲೆ ಒಂದು, ಮೂರನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದ ಹಾಗೆ ಹಿಡ್ಕೊಂಡಿದೆ. ನೀವು ಕಂಕುಳಲ್ಲಿ ಎಳೆತ ಜಾಸ್ತಿ ಅಂತ ಒಳಗಡೆ ಪಟ್ಟಿ ಕೊಟ್ಟು ಎರಡು ಹೊಲಿಗೆ ಹಾಕಲ್ವಾ? ಇದೂ ಹಾಗೇ. ಅದರಲ್ಲಿ ಬೋಲ್ಟು ಈ ಕಡೆಯಿಂದ ಹೋಗಿ ಆ ಕಡೆ ಬಂದಿದೆ. ಎರಡೂ ಕಡೆ ವಾಷರ್ರು, ಕೊನೆಗೆ ಸಡಿಲ ಆಗದ ಲಾಕ್ ನಟ್ಟು. ಎಳೆದ್ರೂ ಕಳಚೋ ಮಾತಿಲ್ಲ."

ಇಷ್ಟು ಸರಳ ಸಂಗತಿಗೆ ಮಗುವಿನ ಕಾಲು ಕಟ್ಟಿ ಹಾಕಬೇಕೇ? ಟೈಲರಕ್ಕ ಅಲ್ಲೇ ನಿರ್ಧಾರ ಮಾಡಿದಳು.

"ಅಕ್ಕ, ನನಗೆ ಕಟ್ಟೋದು ಹೇಳಿಕೊಡ್ತೀರಾ?"

"ರಜಾ ದಿನ ಬರ್ತೀನಿ. ಆದ್ರೆ ಸ್ಪ್ಯಾನರ್ ನೀವೇ ಹಿಡೀಬೇಕು" ಎಂದಳು ಸ್ಪ್ಯಾನರ್ ಅಕ್ಕ.

ಮನೆಯಲ್ಲಿ ವಿಷಯ ಹೇಳಿದ್ದೇ ತಡ, ಮಾವ ಕನ್ನಡಕ ತೆಗೆದು ಕೆಳಗಿಟ್ಟರು.

"ನಾನು ಬೇಡ ಅಂದಮೇಲೂ?"

"ಹೌದು ಮಾವ."

"ನಲವತ್ತು ವರ್ಷ ಮರ ಮುಟ್ಟಿದವನು ಕಟ್ಟಿದ್ದೇ ನಿಲ್ಲಲಿಲ್ಲ. ನೀನು ಕಟ್ತೀಯ? ಸೂಜಿ ಹಿಡಿಯೋ ಕೈಯಲ್ಲಿ?"

ಮಾವನಿಗೆ ಎದುರಾಡಿದವಳಲ್ಲ ಟೈಲರಕ್ಕ. ಅಂದು ಮಾತ್ರ ತಲೆ ತಗ್ಗಿಸಲಿಲ್ಲ. "ಕಟ್ಟೇ ಕಟ್ತೀನಿ. ಬಿದ್ದಿದ್ದು ನನ್ನ ಮಗಳ ತಪ್ಪಲ್ಲ. ತಾನು ಜೋರಾಗಿ ಜೀಕಿದ್ದಕ್ಕೇ ತಾತನಿಗೆ ಸಿಟ್ಟು ಅಂತ ಕೊರಗ್ತಿದಾಳೆ. ಅವಳು ಆಡೋದು ಬಿಡಲ್ಲ, ನಾನು ಬಿಡಿಸೋದೂ ಇಲ್ಲ. ನೀವು ಬೈದ್ರೆ ಬೈಸ್ಕೊಂಡೇ ಕಟ್ತೀನಿ."

ಗಂಡ ಬಾಯಿ ತೆರೆಯಲು ಹೋದ. ಅವಳ ಮುಖ ನೋಡಿ ನೀರಿನ ಲೋಟ ಬಾಯಿಗಿಟ್ಟುಕೊಂಡ.

ಮೊದಲ ಕೆಲಸ ಜಾಗ ಅಳೆಯುವುದು. ಸ್ಪ್ಯಾನರ್ ಅಕ್ಕ ಹೇಳಿದ ಲೆಕ್ಕ ಹೀಗಿತ್ತು: ತೊಲೆ ಎಷ್ಟು ಎತ್ತರವೋ ಅದರ ಎರಡರಷ್ಟು ಜಾಗ ಮುಂದೆ, ಅಷ್ಟೇ ಹಿಂದೆ, ಪಕ್ಕಗಳಲ್ಲಿ ಆರಾರು ಅಡಿ. ಅಷ್ಟರಲ್ಲಿ ಗೋಡೆ, ತೊಟ್ಟಿ, ಮರ ಏನೂ ಇರಬಾರದು. ಟೈಲರಕ್ಕ ಕುತ್ತಿಗೆಯಲ್ಲಿದ್ದ ಟೇಪನ್ನೇ ಹಿಡಿದು ಹಿತ್ತಲೆಲ್ಲ ಅಳೆದಳು. ಮಾವ ಉಯ್ಯಾಲೆ ನಿಲ್ಲಿಸಿದ್ದ ಜಾಗದಿಂದ ತೊಟ್ಟಿಗೆ ಇದ್ದದ್ದು ಬರೀ ಮೂರು ಅಡಿ! ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಆಚೆ ಕಟ್ಟಿದಾಗ ಹಿತ್ತಲಿನ ಉದ್ದಕ್ಕೆ ಜಾಗ ಸಿಕ್ಕಿತು.

ರಜೆಯ ದಿನ ಸ್ಪ್ಯಾನರ್ ಅಕ್ಕ ಬಂದಳು. ಬಲಿತು ಒಣಗಿದ, ಗಂಟಿಲ್ಲದ ಮರದ ನಾಲ್ಕು ಕಾಲು, ಒಂದು ದಪ್ಪ ತೊಲೆ. ಮಣ್ಣಿಗೆ ಹೋಗುವ ತುದಿಗೆ ಗೆದ್ದಲಿನ ಔಷಧಿ ಹಚ್ಚಿಯಾಗಿತ್ತು. ತುಕ್ಕು ಹಿಡಿಯದ, ಸತುವಿನ ಲೇಪ ಕೊಟ್ಟ ಎರಡು ಬ್ರಾಕೆಟ್ಟು ನೆಲದ ಮೇಲೆ ಹೊಳೆಯುತ್ತಿದ್ದವು. ದೊಡ್ಡಮ್ಮ ಕಾಂಪೌಂಡಿಗೆ ಗಲ್ಲ ಊರಿ ನಿಂತಿದ್ದಳು.

"ಇಬ್ಬರು ಹೆಂಗಸರು ಸೇರಿ ಏನು ವಿಮಾನ ಕಟ್ತಿದೀರೇ?"

"ವಿಮಾನ ಆದ್ರೆ ಮೊದಲು ನಿಮ್ಮನ್ನೇ ಹತ್ತಿಸ್ತೀವಿ ದೊಡ್ಡಮ್ಮ!" ಎಂದಳು ಸ್ಪ್ಯಾನರ್ ಅಕ್ಕ. ದೊಡ್ಡಮ್ಮ ನಗು ತಡೆಯಲಾರದೆ ಒಳಗೆ ಹೋದಳು.

ಮಾವ ಹಿತ್ತಲಿನ ಮೆಟ್ಟಿಲ ಮೇಲೆ ಇವರಿಗೆ ಬೆನ್ನು ಹಾಕಿ ಕೂತಿದ್ದರು. ಪೇಪರ್ ಕೈಯಲ್ಲಿತ್ತು, ಹಾಳೆ ಮಾತ್ರ ತಿರುಗುತ್ತಿರಲಿಲ್ಲ. ಟೈಲರಕ್ಕ ಡ್ರಿಲ್ ಮಷೀನ್ ಹಿಡಿದು ಮೊದಲ ತೂತು ಹಾಕಲು ಶುರು ಮಾಡಿದಳು. ಡ್ರಿಲ್ ಗಿರ್ರೆಂದು ಜಾರಿ ಓರೆಯಾಯಿತು. ಎರಡನೇ ಸಲವೂ ಓರೆ. ಬೆವರು ಕಣ್ಣಿಗಿಳಿಯಿತು. ಅವಳು ಬಿಡಲಿಲ್ಲ, ಮೂರನೇ ಸಲ ಮಂಡಿಯೂರಿ ಕೂತಳು.

"ಕೊಳವೆ ಬಾವಿ ಕೊರೀತಿದೀಯಾ?" ಹಿಂದಿನಿಂದ ಮಾವನ ದನಿ. ಯಾವಾಗ ಎದ್ದು ಬಂದರೋ ಗೊತ್ತಾಗಲಿಲ್ಲ. "ಮೊದಲು ಉಳಿಯಿಂದ ಒಂದು ಚುಕ್ಕೆ ಕುಟ್ಟಬೇಕು. ಆಗ ಜಾರಲ್ಲ. ಮೊಣಕೈ ದೇಹಕ್ಕೆ ಒತ್ತಿ ಹಿಡಿ."

ಟೈಲರಕ್ಕ ಮಷೀನ್ ಅವರತ್ತ ಚಾಚಲಿಲ್ಲ. "ಚುಕ್ಕೆ ನೀವು ಕುಟ್ಟಿ ಮಾವ. ತೂತು ನಾನೇ ಹಾಕ್ತೀನಿ."

ಮಾವ ಅವಳನ್ನು ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ಪೆಟ್ಟಿಗೆಯಿಂದ ಉಳಿ ತಂದರು.

ಅವರು ಗುರುತು ಮಾಡುತ್ತಾ ಹೋದರು, ಇವಳು ಕೊರೆಯುತ್ತಾ ಹೋದಳು. ಬ್ರಾಕೆಟ್ಟಿನ ಒಳಗೆ ತೊಲೆಯ ತುದಿ ಕೂರಿಸಿ, ಎರಡೂ ಕಾಲುಗಳನ್ನು ಅಗಲಿಸಿ ಸೇರಿಸಿ ಬೋಲ್ಟು ತೂರಿಸಿದಾಗ ಮಾವ ಹುಬ್ಬುಗಂಟಿಕ್ಕಿ ಕೈಯಿಂದ ಅಲುಗಾಡಿಸಿದರು. ಮತ್ತೊಮ್ಮೆ ಅಲುಗಾಡಿಸಿದರು.

ಎರಡಡಿ ಆಳದ ನಾಲ್ಕು ಗುಂಡಿ ತೋಡಿಯಾಗಿತ್ತು. ಎತ್ತಿ ನಿಲ್ಲಿಸಲು ಗಂಡನೂ ಬಂದ, ದೊಡ್ಡಮ್ಮನ ಮಗನೂ ಕಾಂಪೌಂಡ್ ಹಾರಿ ಬಂದ. ಕಾಂಕ್ರೀಟ್ ತುಂಬಿದರು. "ಒಂದು ವಾರ ಯಾರೂ ಮುಟ್ಟೋ ಹಾಗಿಲ್ಲ" ಎಂದು ಸ್ಪ್ಯಾನರ್ ಅಕ್ಕ ಕಟ್ಟಪ್ಪಣೆ ಮಾಡಿದಳು. ಆ ವಾರ ಉಯ್ಯಾಲೆಯ ಕೆಳಗಿನ ಗಟ್ಟಿ ನೆಲವನ್ನು ಅಗೆದು ಒಂದಡಿ ಆಳಕ್ಕೆ ಮರಳು ತುಂಬಿಸಿದರು. ಎಷ್ಟೇ ಗಟ್ಟಿ ಉಯ್ಯಾಲೆಯಾದರೂ ಮಗು ಕೈಜಾರಿ ಬೀಳಬಹುದಲ್ಲ, ಬಿದ್ದರೆ ಮೆತ್ತಗೆ ಬೀಳಲಿ ಎಂದು.

ವಾರ ಕಳೆದು ಸರಪಳಿ, ಹಲಗೆ ಕಟ್ಟಿಯಾಯಿತು. ಸರಪಳಿಯ ಕೊಂಡಿಗಳು ಬಾಯಿ ಮುಚ್ಚಿಕೊಂಡಿದ್ದವು, ಹೊರಗೆ ಚಾಚಿದ ಬೋಲ್ಟುಗಳ ತುದಿಗೆ ಟೋಪಿ ಹಾಕಿತ್ತು.

"ಮಕ್ಕಳಿಗಿಂತ ಮೊದಲು ದೊಡ್ಡವರು ಹತ್ತಬೇಕು" ಎಂದಳು ಸ್ಪ್ಯಾನರ್ ಅಕ್ಕ. "ಯಾರಿಗೆ ಅನುಮಾನ ಜಾಸ್ತಿ ಇದೆಯೋ ಅವರೇ ಬರ್ಲಿ."

ಎಲ್ಲರೂ ಮಾವನ ಕಡೆ ನೋಡಿದರು. ಮಾವ ಚಪ್ಪಲಿ ಬಿಟ್ಟರು. ಹಲಗೆಯ ಮೇಲೆ ಕೂತು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಜೀಕಿದರು. ಕೂದಲು ಹಾರಾಡಿತು. ಆಮೇಲೆ ಇಳಿದು, ತಾವೂ ಮಗನೂ ತೊಲೆಗೆ ಜೋತುಬಿದ್ದು ಅಲುಗಾಡಿಸಿದರು. ಕಿರ್ ಎಂಬ ಒಂದು ಸದ್ದೂ ಬರಲಿಲ್ಲ. ಹಳೆಯ ಬಡಗಿ ಏಣಿ ಹತ್ತಿ ಬ್ರಾಕೆಟ್ಟಿನ ಮೇಲೆ ಕಿವಿಯಿಟ್ಟು ಆಲಿಸಿದರು. ಕೆಳಗಿಳಿದು ಕೈ ಒರೆಸಿಕೊಂಡರು.

ಪ್ಲಾಸ್ಟರ್ ಕೈಯನ್ನು ಎದೆಗೆ ಕಟ್ಟಿಕೊಂಡ ಬುಗುರಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಮಾವ ಅವಳ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತರು.

"ಕೇಳಿಲ್ಲಿ ಕಂದಾ. ಅವತ್ತು ನೀನು ಜೋರಾಗಿ ಜೀಕಿದ್ದಕ್ಕೆ ಮುರೀಲಿಲ್ಲ. ಜೀಕೋಕೆ ಅಂತಲೇ ಉಯ್ಯಾಲೆ ಇರೋದು. ಮೊಳೆ ಹೊಡೆದಿದ್ದು ನಾನು. ತಪ್ಪು ನಂದು." ಅವಳ ಪ್ಲಾಸ್ಟರ್ ಕೈಯನ್ನು ಮೆಲ್ಲಗೆ ಮುಟ್ಟಿದರು. "ನನಗೆ ಸಿಟ್ಟು ಬಂದಿದ್ದು ನಿನ್ನ ಮೇಲಲ್ಲ. ನನ್ನ ಮೇಲೇ."

ಟೈಲರಕ್ಕ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು.

ಪ್ಲಾಸ್ಟರ್ ಬಿಚ್ಚಿ, ಕೈಗೆ ಬಲ ಬಂದು, ಆಡಬಹುದು ಎಂದು ಡಾಕ್ಟರು ಹೇಳುವ ಹೊತ್ತಿಗೆ ಇನ್ನೂ ಎರಡು ತಿಂಗಳಾಯಿತು. ಆ ದಿನ ಬುಗುರಿ ಹಲಗೆಯ ಮುಂದೆ ನಿಂತು ಕದಲಲಿಲ್ಲ. ಯಾರೂ ಅವಳನ್ನು ದೂಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಾನೇ ಹತ್ತಿ ಕೂತಳು. ಸರಪಳಿ ಬಿಗಿಯಾಗಿ ಹಿಡಿದಳು.

"ತಾತಾ, ತಳ್ಳಿ. ಮೆತ್ತಗಲ್ಲ!"

ದೊಡ್ಡಮ್ಮ ಕಾಂಪೌಂಡ್ ಮೇಲಿಂದ ಕೂಗಿದಳು, "ಬಡಗಿ ಅಣ್ಣಾ, ನಮ್ಮನೇಲೂ ಒಂದು ಉಯ್ಯಾಲೆ ಇದೆ, ಬರೀ ಮೊಳೆ ಹೊಡೆದಿದ್ದು. ಒಂಚೂರು ಬಂದು ನೋಡ್ತೀರಾ?"

"ನನ್ನ ಕೇಳಬೇಡಿ" ಎಂದರು ಮಾವ. "ನನ್ನ ಸೊಸೆನ ಕೇಳಿ. ನಾನು ಚುಕ್ಕೆ ಕುಟ್ಟೋನು ಅಷ್ಟೇ."

ಈ ಕಥೆ ಓದಿದ, ಕೇಳಿದ ಅಪ್ಪ ಅಮ್ಮಂದಿರೇ, ತಾತ ಅಜ್ಜಿಯರೇ! ನಿಮ್ಮ ಹಿತ್ತಲಲ್ಲಿ, ಶಾಲೆಯ ಅಂಗಳದಲ್ಲಿ ಉಯ್ಯಾಲೆ ಇದೆಯೇ? ಇವತ್ತೇ ಎದ್ದು ಹೋಗಿ. ಎರಡೂ ಕೈಯಿಂದ ಕಂಬ ಹಿಡಿದು ಅಲುಗಾಡಿಸಿ. ತೊಲೆಯನ್ನು ಹಿಡಿದಿರುವುದು ಬರೀ ಮೊಳೆಯಾದರೆ ಬ್ರಾಕೆಟ್ಟು, ಬೋಲ್ಟು ಹಾಕಿಸುವ ತನಕ ಹಲಗೆ ಬಿಚ್ಚಿಡಿ. ಕೆಳಗೆ ಸಿಮೆಂಟ್ ನೆಲ ಇದ್ದರೆ ಮರಳು ತುಂಬಿಸಿ, ಹತ್ತಿರ ಗೋಡೆ ಇದ್ದರೆ ಜಾಗ ಬದಲಿಸಿ. ಗಟ್ಟಿಯಾಗಿ ಕಟ್ಟಿದ ಮೇಲೂ ತಿಂಗಳಿಗೊಮ್ಮೆ ನಟ್ಟು ಬಿಗಿ ಮಾಡಿ, ಸರಪಳಿ ಸವೆದಿದೆಯೇ ನೋಡಿ. ಯಾರಾದರೂ ನಕ್ಕರೆ ನಗಲಿ, ಬೇಡ ಎಂದರೆ ಎದುರು ನಿಂತು ಕಟ್ಟಿ.

ಮಗುವನ್ನು ಆಟದಿಂದ ಎಬ್ಬಿಸಬೇಡಿ. ಮೊಳೆ ಕಿತ್ತುಹಾಕಿ, ಬೋಲ್ಟು ಬಿಗಿಯಿರಿ.