ಮಿಕ್ಸರಿನ ಮುಚ್ಚಳ

"ನಾ ಕಲಸಿದ ಹಿಟ್ಟಿನ ಟೋಸ್ಟ್ ತಿಂದು ಅಷ್ಟೂರಿನ ಗೋರಿಯೊಳಗಿನ ಸುಲ್ತಾನ ಎದ್ದು ಕುಂತಾನ್ರಿ. ಚಾ ಎಲ್ಲದ ಅಂತ ಕೇಳ್ಯಾನ."

ಬೀದರಿನ ಟೋಸ್ಟ್ ಕಾರ್ಖಾನೆಯ ಅಂಗಳದಲ್ಲಿ ಊಟದ ಹೊತ್ತು. ಹಿಟ್ಟು ಕಲಸುವ ಮಿಕ್ಸರಿನ ಧಮ್ಮಪಾಲನ ಮಾತಿಗೆ ಪ್ಯಾಕಿಂಗಿನ ಹೆಂಗಸರು ರೊಟ್ಟಿ ಬಾಯಲ್ಲಿಟ್ಟುಕೊಂಡೇ ನಕ್ಕರು. ಭಾಲ್ಕಿಯ ಒಂದು ಭಟ್ಟಿಯಿಂದ ಶುರುವಾದ ಓಂಪ್ರಕಾಶ ಸೇಠರ ಕಂಪನಿ ಅವನ ಬಾಯಲ್ಲಿ ದಿನಕ್ಕೊಂದು ಲಾರಿಯಷ್ಟು ಬೆಳೆಯುತ್ತಿತ್ತು. ಔರಾದಿನ ಎಮ್ಮೆಗಳು ಹುಲ್ಲು ಬಿಟ್ಟು ಸೇಠರ ಖಾರಿ ಬಿಸ್ಕತ್ತನ್ನೇ ಮೇಯುತ್ತಿದ್ದವು.

ಬೇವಿನ ಕೆಳಗೆ ಕಾರ್ಮಿಕ ಇಲಾಖೆಯಿಂದ ವಿಚಾರಣೆಗೆ ಬಂದ ಅಧಿಕಾರಿ ವರದಾ ಕಾಗದ ತಿರುವುತ್ತಿದ್ದಳು. ಪಕ್ಕದಲ್ಲಿ ತಬಸ್ಸುಮ. ಒಂದೂವರೆ ತಿಂಗಳ ಹಿಂದೆ ಅವಳ ಗಂಡ ಹುಸೇನನನ್ನು ಮಿಕ್ಸರು ಹಿಟ್ಟಿನ ಜೊತೆ ಎಳೆದುಕೊಂಡಿತ್ತು. ಮುಚ್ಚಳ ತೆಗೆದರೆ ನಿಲ್ಲಬೇಕಾದ ಮಿಷನ್ನು ನಿಂತಿರಲಿಲ್ಲ. ಹುಸೇನನೇ ಕಿತಾಪತಿ ಮಾಡಿ ಕೆಡಿಸಿದ ಎಂದು ಕಂಪನಿ ಬರೆದುಕೊಟ್ಟಿತ್ತು. ತಪ್ಪು ಅವನದು, ಅವಳಿಗೆ ಬಿಡಿಗಾಸಿಲ್ಲ ಎಂದೂ ಹೇಳಿತ್ತು.

ಅವಳ ಮುಖ ನೋಡಲಾಗದೆ ಧಮ್ಮಪಾಲ ಬಾಯಿ ಬಿಟ್ಟ. "ಅಳಬ್ಯಾಡ ಭಾಭಿ. ಹುಸೇನ ಇನ್ನೂ ಡ್ಯೂಟಿಗಿ ಬರ್ತಾನ. ನಾ ಹೋಗಿ ನಿಂತ್ರ ಸಾಕು, ಹಿಟ್ಟಿನೊಳಗಿಂದ ಕೂಗ್ತಾನ, ಧಮ್ಮಾ, ತಂತಿ ಬಿಚ್ಚೋ ಅಂತ. ಬ್ಯಾರೆ ಯಾರಿಗೂ ಕೇಳಂಗಿಲ್ಲ, ನನ್ನ ಕಿವಿ ಅಂಥಾವು."

ಯಾರೂ ನಗಲಿಲ್ಲ.

"ಯಾವ ತಂತಿ?" ಎಂದಳು ತಬಸ್ಸುಮ. "ಆವತ್ತ ನೀ ಔರಾದಕ್ಕ ಹೋಗಿದ್ದಿ ಅಂತ ಬರಸಿ ಹೆಬ್ಬಟ್ಟು ಒತ್ತಿದಿಯಲ್ಲ ಭಾಯಿ. ಅವರ ಆವಾಜ್ ನಿನಗ ಹ್ಯಾಂಗ ಕೇಳ್ತು?"

ಸೂಪರ್‌ವೈಸರ್ ನಿತಿನ ಧಾವಿಸಿ ಬಂದ. "ಏ ಭಾಡಕೋ, ಒಳಗ ನಡಿ. ನಿಮ್ಮ ಕೇರಿಯವ್ರಿಗಿ ಹಿಟ್ಟು ಮುಟ್ಲಕ್ ಬಿಟ್ಟಿದ್ದೇ ಸೇಠರ ದೊಡ್ಡ ಗುಣ."

ಧಮ್ಮಪಾಲ ಎದ್ದ. ಒಳಗೆ ಹೋಗಲಿಲ್ಲ. ಉಗುರಿನ ಸಂದಿಯ ಒಣ ಹಿಟ್ಟನ್ನು ಕೆರೆಯುತ್ತ ಬೇವಿನ ಕೆಳಗೆ ಬಂದು ನಿಂತ. ನಾಲಿಗೆಗೆ ಸುಲ್ತಾನರು ಯಾರೂ ಸಿಗಲಿಲ್ಲ.

"ಬರಕೋರಿ ಮೇಡಂ. ಹಿಟ್ಟಿನೊಳಗಿಂದ ಯಾರೂ ಕೂಗಂಗಿಲ್ಲ. ಆವತ್ತ ಒಮ್ಮಿ ಕೂಗಿದ್ದ. ನಾ ಅಲ್ಲೇ ಇದ್ದೆ. ಔರಾದಕ್ಕ ಹೋಗಿದ್ದು ಸುಳ್ಳು. ಹಿಟ್ಟು ಹಾಕಲಕ್ ಸಲಸಲ ನಿಲ್ಲಸಿದ್ರ ಮಾಲ್ ಕಡಿಮಿ ಬೀಳ್ತದ ಅಂತ, ಮುಚ್ಚಳ ತೆಗದ್ರೂ ಮಿಷನ್ ತಿರಗಂಗ ಸ್ವಿಚ್ಚಿಗಿ ತಂತಿ ಬಿಗಿದಿದ್ದು ನಾನೇ. ಕಟ್ಟು ಅಂದವ್ರು ಈ ನಿತಿನ ಸಾಬ್ರು. ಬಿಚ್ಚೋ ಅಂತ ಅಂವ ಕೂಗಿದಾಗ ನಾ ಬಿಚ್ಚಲಿಲ್ಲ."

ನಿತಿನ ಅವನ ಅಂಗಿಗೆ ಕೈ ಹಾಕಿದ. ಧಮ್ಮಪಾಲ ಕಿಸೆಗೆ ಕೈ ಹಾಕಿ, ಹಿಟ್ಟು ಮೆತ್ತಿ ಗಟ್ಟಿಯಾಗಿದ್ದ ಗೇಣುದ್ದದ ತಂತಿಯನ್ನು ವರದಾಳ ಕಾಗದದ ಮೇಲಿಟ್ಟ.

"ನೀವು ಬರ್ತೀರಂತ ನಿನ್ನಿ ಬಿಚ್ಚಿಸ್ಯಾರ. ನೀವು ಹೋದ ಮ್ಯಾಲ ಮತ್ತ ಕಟ್ಟು ಅಂದಾರ."